ಮಗಳಿಗಿಂತ ಒಂದು ಬಣ್ಣ ಹಿಂದೆ

ನಲವತ್ತಾರನೇ ವಯಸ್ಸಿನಲ್ಲಿ ಕರಾಟೆಗೆ ಸೇರಿದೆ ಎಂದರೆ ಕೇಳಿದವರೆಲ್ಲ ಮೊದಲು ನನ್ನ ಹೊಟ್ಟೆಯ ಕಡೆ ನೋಡುತ್ತಾರೆ. ಆಮೇಲೆ ಯಾರ ಜೊತೆ ಜಗಳ ಎಂದು ಕೇಳುತ್ತಾರೆ. ಜಗಳ ಯಾರ ಜೊತೆಗೂ ಇರಲಿಲ್ಲ. ಐದನೇ ಕ್ಲಾಸಿನಲ್ಲಿದ್ದ ಮಗಳು ಕರಾಟೆ ಕಲಿಯಲೇಬೇಕೆಂದು ಹಟ ಹಿಡಿದಳು. ಹೆಣ್ಣುಮಗುವನ್ನು ಸಂಜೆ ಹೊತ್ತು ಒಬ್ಬಳನ್ನೇ ಕಳಿಸಕೂಡದೆಂದು ನನ್ನ ಅಮ್ಮ ಅದಕ್ಕಿಂತ ದೊಡ್ಡ ಹಟ ಹಿಡಿದಳು. ಮನೆಯ ದೊಡ್ಡವರೊಬ್ಬರು ಕ್ಲಾಸು ಮುಗಿಯುವವರೆಗೂ ಜೊತೆಗಿದ್ದು ಕರೆದುಕೊಂಡು ಬರುವುದಾದರೆ ಸರಿ ಎಂಬಲ್ಲಿಗೆ ರಾಜಿಯಾಯಿತು. ನನ್ನ ಹೆಂಡತಿಗೆ ಆಸ್ಪತ್ರೆಯಲ್ಲಿ ಸಂಜೆಯ ಡ್ಯೂಟಿ. ಹಾಗಾಗಿ ಆ ದೊಡ್ಡವರು ನಾನೇ ಆದೆ.

ನಮ್ಮದು ವೇಮಗಲ್‌ಗೆ ಹತ್ತಿರದ ಒಂದು ಹಳ್ಳಿ. ಸ್ವಲ್ಪ ಜಮೀನಿದೆ, ರಾಗಿ ಅವರೆ ಬೆಳೆಯುತ್ತೇವೆ. ನಾನು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಚೆಕಿಂಗ್ ವಿಭಾಗದವನು. ತಯಾರಾಗಿ ಬರುವ ಸಣ್ಣ ಬಿಡಿಭಾಗಗಳನ್ನು ಕೈಯಲ್ಲಿ ತಿರುಗಿಸಿ ನೋಡಿ, ಸರಿಯಿದ್ದದ್ದನ್ನು ಒಂದು ಟ್ರೇಗೂ ಕೆಟ್ಟದ್ದನ್ನು ಇನ್ನೊಂದು ಟ್ರೇಗೂ ಹಾಕುವುದು ಕೆಲಸ. ಹದಿನೆಂಟು ವರ್ಷ ಹೀಗೆ ಕೂತು ಕೂತು ನನ್ನ ಕುತ್ತಿಗೆ ಮುಂದಕ್ಕೆ ಬಾಗಿದೆ, ಹೊಟ್ಟೆ ಅದನ್ನು ಭೇಟಿಯಾಗಲು ಹೊರಟಿದೆ.

ಕ್ಲಾಸು ನಡೆಯುತ್ತಿದ್ದದ್ದು ವೇಮಗಲ್‌ನ ಒಂದು ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ. ಮದುವೆ ಇದ್ದ ದಿನ ನಮ್ಮನ್ನು ಮಹಡಿಯ ಮೇಲಕ್ಕೆ ಓಡಿಸುತ್ತಿದ್ದರು. ಮಾರನೆಯ ದಿನ ಕೆಳಗೆ ಬಂದರೆ ನೆಲಕ್ಕೆ ಎಷ್ಟು ನೀರು ಹಾಕಿದ್ದರೂ ಸಾರಿನ ಜಿಡ್ಡು ಹೋಗಿರುತ್ತಿರಲಿಲ್ಲ. ಕಲಿಸುವ ಮಾಸ್ಟರಿಗೆ ಮೂವತ್ತು ಮೂವತ್ತೊಂದು ವಯಸ್ಸು. ಮುಳಬಾಗಿಲಿನ ಕಡೆಯವರು, ಮನೆಮಾತು ತೆಲುಗು, ಹಗಲು ಹೊತ್ತು ನನ್ನ ಮಗಳ ಶಾಲೆಯ ವ್ಯಾನ್ ಓಡಿಸುತ್ತಾರೆ. ಅವರ ಎಣಿಕೆ ಜಪಾನಿ ಭಾಷೆಯಲ್ಲಿ ಇಚಿ, ನಿ, ಸಾನ್, ಶಿ ಎಂದು ಜೋರಾಗಿ ಶುರುವಾಗಿ, ಸುಸ್ತಾದ ಮೇಲೆ ಐದು, ಆರು, ಏಡು, ಎನಿಮಿದಿ ಎಂದು ಮುಳಬಾಗಿಲಿಗೆ ಬಂದು ಇಳಿಯುತ್ತಿತ್ತು. ಮಕ್ಕಳು ಅದನ್ನೇ ಕಲಿತಿದ್ದವು. ನಮ್ಮ ಕ್ಲಾಸಿನವರು ಬೇರೆ ಊರಿನ ಸ್ಪರ್ಧೆಗೆ ಹೋದಾಗ ಇದರಿಂದ ಸ್ವಲ್ಪ ಗೊಂದಲವಾಯಿತು ಎಂದು ಕೇಳಿದ್ದೇನೆ.

ಮೊದಲ ವಾರ ನಾನು ಗೋಡೆ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮೊಬೈಲ್ ನೋಡಿದೆ. ಎರಡನೇ ವಾರ ಮಾಸ್ಟರು ಬಂದು, ಕಾರ್ಖಾನೆಯಲ್ಲೂ ಕೂತು ಇಲ್ಲೂ ಕೂತರೆ ಮೈ ಕುರ್ಚಿಯ ಆಕಾರಕ್ಕೇ ಬಂದುಬಿಡುತ್ತದೆ, ಎದ್ದು ನಿಂತರೆ ತಮಗೇನೂ ನಷ್ಟವಿಲ್ಲ ಎಂದರು. ಮಾತು ನೇರವಾಗಿ ಸೊಂಟಕ್ಕೆ ತಾಗಿತು. ಮುಂದಿನ ವಾರ ನಾನೂ ಬಿಳಿ ಬಟ್ಟೆ ತೊಟ್ಟು ಬಿಳಿ ಬೆಲ್ಟು ಕಟ್ಟಿ ಮಕ್ಕಳ ಸಾಲಿನ ಕೊನೆಯಲ್ಲಿ, ನನ್ನ ಮಗಳ ಪಕ್ಕದಲ್ಲಿ ನಿಂತೆ. ನನ್ನ ಮುಂದಿದ್ದವರಲ್ಲಿ ಎತ್ತರದವನು ನನ್ನ ಭುಜಕ್ಕೆ ಬರುತ್ತಿದ್ದ.

ಹೊಸದಾಗಿ ಸೇರುವವರಿಗೆ ಎಂದು ಮಾಸ್ಟರು ಹೇಳಿದ್ದನ್ನೆಲ್ಲ ನಾನು ಒಮ್ಮೆ ಮೀರಿ, ಶಿಕ್ಷೆ ಅನುಭವಿಸಿ, ಆಮೇಲೆ ಒಪ್ಪಿಕೊಂಡಿದ್ದೇನೆ. ಮುದ್ದೆ ಉಂಡು ಮೂರು ಗಂಟೆ ಕಳೆಯದೆ ಬರಬೇಡಿ ಎಂದರು. ನಾನು ಉಂಡ ಒಂದೂವರೆ ಗಂಟೆಗೇ ಹೋದೆ. ಹತ್ತನೇ ಒದೆತಕ್ಕೆ ಮುದ್ದೆ ತಾನೂ ಕರಾಟೆ ಆಡಲು ಶುರುಮಾಡಿತು. ಹೆಬ್ಬೆರಳನ್ನು ಮುಷ್ಟಿಯ ಒಳಗೆ ಅಡಗಿಸಬೇಡಿ, ಹೊರಗಿಟ್ಟು ಬೆರಳುಗಳ ಮೇಲೆ ಒತ್ತಿ ಹಿಡಿಯಿರಿ ಎಂದರು. ಒಳಗಿಟ್ಟು ಮರಳಿನ ಚೀಲಕ್ಕೆ ಗುದ್ದಿದ ಮೇಲೆ ಎರಡು ವಾರ ಎಡಗೈಯಲ್ಲಿ ಹಲ್ಲುಜ್ಜಿದೆ. ಕಾಲುಗುರು ಕತ್ತರಿಸಿಕೊಳ್ಳಿ, ಮೊದಲು ಮೈ ಬಿಸಿ ಮಾಡಿಕೊಂಡು ಆಮೇಲೆ ಕಾಲು ಎತ್ತಿ, ಹೊಡೆಯುವಾಗ ಉಸಿರು ಬಿಡಿ, ಪಕ್ಕದವನು ಎಷ್ಟು ಮೇಲೆ ಒದೆಯುತ್ತಾನೆಂದು ನೋಡಬೇಡಿ. ಈ ಕೊನೆಯದು ಬಹಳ ಕಷ್ಟ, ಏಕೆಂದರೆ ಪಕ್ಕದವಳು ನನ್ನ ಮಗಳೇ, ಅವಳ ಕಾಲು ಅವಳ ಕಿವಿಯವರೆಗೂ ಹೋಗುತ್ತಿತ್ತು.

ನಮ್ಮಲ್ಲಿ ಬೆಲ್ಟಿನ ಕ್ರಮ ಬಿಳಿ, ಹಳದಿ, ಕಿತ್ತಳೆ, ಹಸಿರು, ನೀಲಿ, ಕಂದು, ಕಪ್ಪು. ಬೇರೆ ಕಡೆ ಸ್ವಲ್ಪ ಆಚೀಚೆ ಇರುತ್ತದಂತೆ. ಕ್ಲಾಸು ಶುರುವಾಗುವಾಗ ಬಣ್ಣದ ಪ್ರಕಾರ ಸಾಲಾಗಿ ನಿಲ್ಲಬೇಕು, ವಯಸ್ಸು ನೋಡುವುದಿಲ್ಲ. ಜೋಡಿಯಾಗಿ ಅಭ್ಯಾಸ ಮಾಡುವಾಗ ಕೆಳಗಿನ ಬೆಲ್ಟಿನವರು ಮೇಲಿನವರಿಗೆ ಸೊಂಟ ಬಗ್ಗಿಸಿ ವಂದಿಸಬೇಕು, ಒಂದೇ ಬಣ್ಣದವರಾದರೆ ಕೈ ಜೋಡಿಸಿದರೆ ಸಾಕು. ಇನ್ನೊಂದು ನಿಯಮ, ಬೆಲ್ಟನ್ನು ಒಗೆಯುವಂತಿಲ್ಲ. ಸುರಿಸಿದ ಬೆವರೆಲ್ಲ ಅದರಲ್ಲೇ ಇರಬೇಕಂತೆ. ನನ್ನ ಬೆಲ್ಟು ಮನೆಯ ಒಳಗಿರಬಾರದೆಂದು ನನ್ನ ಹೆಂಡತಿ ಬೇರೆ ನಿಯಮ ಮಾಡಿ ಹಿತ್ತಿಲ ಹಗ್ಗದ ಮೇಲೆ ಅದಕ್ಕೆ ಜಾಗ ಕೊಟ್ಟಳು.

ಐದು ತಿಂಗಳಿಗೆ ಮೊದಲ ಪರೀಕ್ಷೆ ಬಂತು. ಮಗಳು ಪಾಸಾಗಿ ಹಳದಿ ಬೆಲ್ಟು ಕಟ್ಟಿಸಿಕೊಂಡಳು. ನಾನು ಫೇಲಾದೆ. ಎದುರಿನವನ ಮುಷ್ಟಿ ಮುಖದ ಕಡೆ ಬಂದಾಗಲೆಲ್ಲ ನಾನು ಕಣ್ಣು ಮುಚ್ಚುತ್ತಿದ್ದೆನಂತೆ. ಎದುರಿನವನು ಏಳನೇ ಕ್ಲಾಸಿನವನು, ಕನ್ನಡಕ ಹಾಕಿಕೊಂಡಿದ್ದ. ಮನೆಯಲ್ಲಿ ಈ ವಿವರವನ್ನು ಹೇಳದೆ ಇರೋಣವೆಂದು ಮಗಳನ್ನು ಕೇಳಿಕೊಂಡೆ. ಸ್ಕೂಟರು ನಿಲ್ಲುವ ಮೊದಲೇ ಅವಳು ಇಳಿದು ಓಡಿ ಹೇಳಿದಳು.

ಆಗೆಲ್ಲ ಇದು ನಗೆಯ ವಿಷಯವೇ ಆಗಿತ್ತು. ಭಾನುವಾರ ಮಾತ್ರ ಕ್ಲಾಸು ಬೆಳಿಗ್ಗೆ. ಅಂಥ ಒಂದು ಭಾನುವಾರ ಅಮ್ಮ ಸಂತೆಯಿಂದ ಬರುವಾಗ, ಜೊತೆಯಲ್ಲೇ ಮನೆಗೆ ಹೋಗೋಣವೆಂದು ಹಾಲ್‌ಗೆ ಬಂದಳು. ಬಾಗಿಲಲ್ಲಿ ಚೀಲ ಇಳಿಸಿ ನೋಡಿದಾಗ ಅವಳ ಮಗ ಸೊಂಟದವರೆಗೆ ಬಾಗಿ ಅವಳ ಮೊಮ್ಮಗಳಿಗೆ ವಂದಿಸುತ್ತಿದ್ದ. ಹಿರಿಯರು ಮಕ್ಕಳಿಗೆ ಬಗ್ಗಿದರೆ ಮಕ್ಕಳ ಆಯಸ್ಸು ಕಡಿಮೆಯಾಗುತ್ತದೆ ಎಂದು ನಮ್ಮಲ್ಲಿ ಬಹಳ ಜನ ನಂಬುತ್ತಾರೆ. ಅಮ್ಮ ಅದನ್ನು ನೀರು ಕುಡಿದಷ್ಟು ಸಹಜವಾಗಿ ನಂಬುತ್ತಾಳೆ. ಮನೆಗೆ ಬಂದು ಸೀದಾ ನನ್ನ ಹೆಂಡತಿಯನ್ನು, ಆ ಬೆಲ್ಟುಗಳ ಬಣ್ಣದ ಲೆಕ್ಕ ಏನು ಎಂದು ವಿಚಾರಿಸಿದಳು.

ಸೋಮವಾರ ಸಂಜೆ ಕಾರ್ಖಾನೆಯಿಂದ ಬಂದು ಹಿತ್ತಿಲಿಗೆ ಹೋದರೆ ಹಗ್ಗದ ಮೇಲೆ ನನ್ನ ಬೆಲ್ಟು ಹೊಂಬಣ್ಣದಲ್ಲಿ ಹೊಳೆಯುತ್ತಿತ್ತು. ಅಮ್ಮ ಅದನ್ನು ಅರಿಶಿನದ ನೀರಿನಲ್ಲಿ ಕುದಿಸಿದ್ದಳು. ದೇವರಿಗೆ ಮುಡಿಪು ಕಟ್ಟುವ ಬಟ್ಟೆಗೆ ಅರಿಶಿನ ಹಾಕಿ ಹಾಕಿ ಅವಳಿಗೆ ಆ ಕೈಚಳಕ ಇದೆ. ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಎಂಬುದಿಲ್ಲ, ಅಂಗಡಿಯದ್ದಕ್ಕಿಂತ ಚೆನ್ನಾಗಿತ್ತು. ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದಳು.

“ಬಣ್ಣ ತಾನೆ ಬೇಕಾಗಿದ್ದು? ಈಗ ನಿಂದೂ ಹಳದಿ, ಅವಳ್ದೂ ಹಳದಿ. ಬಗ್ಗೋದೇನೂ ಬೇಕಾಗಿಲ್ಲ, ಹೋಗು,” ಎಂದಳು.

ಪರೀಕ್ಷೆಯಲ್ಲಿ ಪಾಸಾಗಿ ತೊಡಬೇಕಾದ ಬಣ್ಣವಿದು ಎಂದು ವಿವರಿಸಿದೆ. ಮಗನಿಗೆ ತಾಯಿ ಕೊಡದ್ದನ್ನು ಆ ವ್ಯಾನ್ ಡ್ರೈವರ್ ಕೊಡುತ್ತಾನೇನು ಎಂದು ಕೇಳಿದಳು. ಇನ್ನು ಅರ್ಧ ಗಂಟೆಗೆ ಕ್ಲಾಸು. ಬಟ್ಟೆ ಸೋಪು ಹಾಕಿ ತಿಕ್ಕಿದೆ. ಅರಿಶಿನಕ್ಕೆ ಸೋಪು ಬಿದ್ದರೆ ಕೆಂಪಾಗುತ್ತದೆಂಬುದು ನಮ್ಮ ಮನೆಯ ಎಲ್ಲ ಹೆಂಗಸರಿಗೂ ಗೊತ್ತಿತ್ತು, ನನಗೆ ಮಾತ್ರ ಗೊತ್ತಿರಲಿಲ್ಲ. ನನ್ನ ಕೈಯಲ್ಲೇ ಬೆಲ್ಟು ಹಳದಿಯಿಂದ ಕಿತ್ತಳೆಗೆ ತಿರುಗಿತು. ಬಿಳಿಯಲ್ಲಿ ಫೇಲಾದವನು ಒಂದೇ ಸಂಜೆಯಲ್ಲಿ ಎರಡು ಮೆಟ್ಟಿಲು ಹತ್ತಿದ್ದೆ.

ಒದ್ದೆ ಬೆಲ್ಟು ಕಟ್ಟಿಕೊಂಡೇ ಹೋದೆ. ಮಾಸ್ಟರು ಬಹಳ ಹೊತ್ತು ಅದನ್ನೇ ನೋಡಿದರು. ಮೂಸಿದರು ಕೂಡ. ನಡೆದದ್ದನ್ನು ಹೇಳಿದೆ. ಅವರು ನಗದೆ ಇರಲು ಪಟ್ಟ ಪಾಡು ನನಗೆ ಕಾಣುತ್ತಿತ್ತು. ಹೊಸ ಬೆಲ್ಟು ಬೆಂಗಳೂರಿನಿಂದ ಬರಬೇಕು, ಅಲ್ಲಿಯವರೆಗೆ ಇದನ್ನೇ ಬಿಸಿಲಿಗೆ ಹಾಕಿ, ಬಿಸಿಲಿಗೆ ಅರಿಶಿನ ನಿಲ್ಲುವುದಿಲ್ಲ ಎಂದರು. ಬಗ್ಗುವುದರಿಂದ ನನಗೊಬ್ಬನಿಗೆ ವಿನಾಯಿತಿ ಸಿಗಬಹುದೇ ಎಂದು ಮೆಲ್ಲಗೆ ಕೇಳಿದೆ.

“ಇಲ್ಲ ಸಾರ್,” ಎಂದರು ಮಾಸ್ಟರು. “ಬಗ್ಗೋದು ತೆಗೆದುಬಿಟ್ರೆ ಇಲ್ಲಿ ಹೊಡೆದಾಟ ಒಂದೇ ಉಳಿಯುತ್ತೆ. ಅದನ್ನ ಕಲಿಯೋಕೆ ನಾನ್ಯಾಕೆ, ಹರಾಜಿನ ಹೊತ್ತಿಗೆ ಟೊಮೇಟೊ ಮಂಡಿ ಹತ್ರ ಹೋಗಿ ನಿಂತ್ರೆ ಸಾಕು.”

ಸಾಲಿನ ಕೊನೆಯಲ್ಲೇ ನಿಂತೆ. ಬಿಸಿಲಿಗೆ ಹಾಕಿದ ಬೆಲ್ಟು ದಿನ ಕಳೆದಂತೆ ಕಿತ್ತಳೆಯಿಂದ ಹಳದಿಗೆ, ಹಳದಿಯಿಂದ ಹಳೆಯ ಪುಸ್ತಕದ ಹಾಳೆಯ ಬಣ್ಣಕ್ಕೆ ಇಳಿಯಿತು. ಕ್ಲಾಸಿನ ಮಕ್ಕಳು ದಿನವೂ ಬಂದು, ಅಂಕಲ್ ಇವತ್ತು ಯಾವ ಬೆಲ್ಟು ಎಂದು ಕೇಳುತ್ತಿದ್ದವು. ಹೊಸದು ಬರುವುದರೊಳಗೆ ನಾನು ಬಿಳಿಯ ಹತ್ತಿರಕ್ಕೆ ವಾಪಸು ಬಂದಿದ್ದೆ. ಅಷ್ಟೂ ದಿನ ಮಗಳು ನಗಲಿಲ್ಲ ಎಂಬುದನ್ನು ನಾನು ಗಮನಿಸಬೇಕಿತ್ತು.

ಎರಡನೇ ಪರೀಕ್ಷೆ ಅವರೆಕಾಯಿ ಕಾಲದಲ್ಲಿ ಬಂತು. ಅವಳಿಗೆ ಕಿತ್ತಳೆಯ ಪರೀಕ್ಷೆ, ನನಗೆ ಮತ್ತೆ ಹಳದಿಯದು. ಅವಳು ಕಟಾ ಮಾಡಿ ತೋರಿಸಬೇಕಿತ್ತು. ಕಟಾ ಎಂದರೆ ಎದುರಾಳಿ ಇದ್ದಾನೆಂದು ಭಾವಿಸಿ, ತಡೆಯುವುದು ಹೊಡೆಯುವುದು ತಿರುಗುವುದೆಲ್ಲವನ್ನೂ ಗೊತ್ತಾದ ಕ್ರಮದಲ್ಲಿ ಒಬ್ಬರೇ ಮಾಡುವುದು. ಇವಳದರಲ್ಲಿ ಮೂರು ಹೆಜ್ಜೆ ಮುಂದೆ ನುಗ್ಗಿ, ಕೂಗು ಹಾಕಿ, ಎಡಗಾಲನ್ನು ಹಿಂದಿನಿಂದ ಸುತ್ತಿಸಿ ತಿರುಗುವ ಒಂದು ಜಾಗವಿದೆ. ಕ್ಲಾಸಿನಲ್ಲಿ ಅಲ್ಲಿಗೆ ಬಂದಾಗಲೆಲ್ಲ ಬಲಗಾಲು ಎತ್ತುತ್ತಿದ್ದಳು. ಮಾಸ್ಟರು ಹತ್ತು ಸಲ ತಿದ್ದಿದರು. ಹನ್ನೊಂದನೇ ಸಲವೂ ಬಲಗಾಲೇ.

ಹದಿನೆಂಟು ವರ್ಷ ತಪ್ಪು ಹುಡುಕಿಕೊಂಡು ಕೂತವನು ನಾನು. ನಿಜವಾದ ತಪ್ಪು ಒಂದೇ ಕಡೆ ಇರುವುದಿಲ್ಲ. ಇವತ್ತು ಇಲ್ಲಿ, ನಾಳೆ ಅಲ್ಲಿ. ದಿನವೂ ಒಂದೇ ಜಾಗದಲ್ಲಿ ಅಚ್ಚುಕಟ್ಟಾಗಿ ಬರುವ ತಪ್ಪಿನ ಹಿಂದೆ ಯಾರೋ ಇರುತ್ತಾರೆ. ಮನೆಯಂಗಳದಲ್ಲಿ ಬೆಳಿಗ್ಗೆ ಅಜ್ಜಿಯ ಮುಂದೆ ಅವಳು ಅದೇ ಕಟಾ ಮಾಡುವುದನ್ನು ನೋಡಿದ್ದೆ. ಅಲ್ಲಿ ಒಂದು ಸಲವೂ ಕಾಲು ತಪ್ಪುತ್ತಿರಲಿಲ್ಲ.

ಪರೀಕ್ಷೆಗೆ ಒಂದು ವಾರ ಇದ್ದಾಗ ಕ್ಲಾಸಿನಿಂದ ಬರುತ್ತಾ ಸ್ಕೂಟರನ್ನು ಹಾಲಿನ ಡೈರಿಯ ಮುಂದೆ ನಿಲ್ಲಿಸಿ ಕೇಳಿದೆ. ಏನಿಲ್ಲ, ಏನಿಲ್ಲ ಎಂದಳು. ಆಮೇಲೆ ನನ್ನ ಬೆನ್ನಿಗೆ ಮುಖ ಇಟ್ಟುಕೊಂಡೇ ಹೇಳಿದಳು.

“ನಾನು ಫೇಲಾಗಿ ನೀನು ಪಾಸಾದ್ರೆ ಇಬ್ರೂ ಹಳದಿ ಅಪ್ಪ. ಆವಾಗ ನೀನು ಬಗ್ಗಬೇಕಾಗಿಲ್ಲ. ಅಜ್ಜಿ ದಿನಾ ದೇವರ ಮುಂದೆ ಅಳ್ತಾರೆ, ನಿಂಗೊತ್ತಿಲ್ಲ.”

ಹಾಗಾದರೆ ನಾನೇ ಕ್ಲಾಸು ಬಿಡುತ್ತೇನೆ ಎಂದೆ. ನೀನು ಬಿಟ್ಟರೆ ಅಜ್ಜಿ ನನ್ನನ್ನು ಕಳಿಸುವುದಿಲ್ಲ ಎಂದಳು. ಅದೂ ನಿಜವೇ. ಕಾಲು ಕಿವಿಯವರೆಗೆ ಎತ್ತಬಲ್ಲ ಮಗು ನನ್ನ ಬೆನ್ನು ಬಾಗದಿರಲಿ ಎಂದು ತನ್ನ ಕಾಲನ್ನು ತಪ್ಪಾಗಿ ಇಡುತ್ತಿತ್ತು. ನನಗೆ ಅಮ್ಮನ ಮೇಲೆ ವಿಪರೀತ ಸಿಟ್ಟು ಬಂತು. ಇದು ಹೀಗೇ ನಡೆದರೆ ಇವಳು ಶಾಲೆಯಲ್ಲೂ ಮುಂದೆ ಎಲ್ಲಿಯೂ ಯಾರನ್ನೂ ದಾಟಿ ಹೋಗದ ಹುಡುಗಿಯಾಗುತ್ತಾಳೆ ಅನ್ನಿಸಿತು.

ಮಾರನೆಯ ದಿನ ಬೆಳಿಗ್ಗೆ ಅಮ್ಮ ಜಗುಲಿಯಲ್ಲಿ ನೆನೆಸಿದ ಅವರೆಕಾಳು ಹಿಸುಕುತ್ತಾ ಕೂತಿದ್ದಳು. ಮಗಳು ಶಾಲೆಗೆ ಹೋಗಿದ್ದಳು. ನಾನು ಎದುರಿಗೆ ಕೂತು, ಮಗು ಬೇಕೆಂದೇ ಫೇಲಾಗಲು ಹೊರಟಿದೆ, ಅದು ನಿನ್ನ ಮೂಢನಂಬಿಕೆಯಿಂದ ಎಂದು ಒಂದೇ ಉಸಿರಿಗೆ ಹೇಳಿದೆ. ಇನ್ನೂ ಕೆಲವು ಮಾತು ಹೇಳಿದೆ, ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಅಮ್ಮ ಹಿಸುಕುತ್ತಲೇ ಇದ್ದಳು. ಅವರೆಕಾಳು ಸಿಪ್ಪೆಯಿಂದ ಜಾರಿ ಜಾರಿ ಪಾತ್ರೆಗೆ ಬೀಳುತ್ತಿತ್ತು.

ನಾನು ಹುಟ್ಟುವುದಕ್ಕೆ ಮೊದಲು ನನಗೊಬ್ಬಳು ಅಕ್ಕ ಇದ್ದಳು, ನಾಲ್ಕನೇ ವರ್ಷದಲ್ಲಿ ಜ್ವರ ಬಂದು ತೀರಿಕೊಂಡಳು. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಇಷ್ಟೇ ಗೊತ್ತು. ಅಮ್ಮ ಆ ದಿನ ಉಳಿದದ್ದನ್ನು ಹೇಳಿದಳು.

“ನಿಮ್ಮ ತಾತ ದಿನಾ ಸಾಯಂಕಾಲ ಹೊಲದಿಂದ ಬಂದು ಅವಳ ಕಾಲಿಗೆ ತಲೆ ಇಡೋರು. ತಾಯೀ, ನನ್ನ ಕಾಪಾಡು ಅಂತ ಆಟ ಕಟ್ಟೋರು. ಅದು ಕಿಲಕಿಲ ಅಂತ ನಗೋದು. ನಾನು ಬೇಡ ಅನ್ನಲಿಲ್ಲ ಕಣೋ. ಬಾಗಿಲಲ್ಲಿ ನಿಂತ್ಕೊಂಡು ನಾನೂ ನಗ್ತಿದ್ದೆ.”

ಮೂಢನಂಬಿಕೆ ಎಂಬ ಮಾತನ್ನು ವಾಪಸು ತೆಗೆದುಕೊಳ್ಳುವ ಹಾಗಿದ್ದರೆ ಎಂದುಕೊಂಡೆ. ಜ್ವರಕ್ಕೂ ಅದಕ್ಕೂ ಸಂಬಂಧವಿಲ್ಲ ಅಮ್ಮ ಎಂದೆ. ತನಗೂ ಗೊತ್ತು ಎಂದಳು. ಗೊತ್ತಿದ್ದೂ ಐವತ್ತು ವರ್ಷ ಅದನ್ನು ಒಬ್ಬಳೇ ಹೊತ್ತುಕೊಂಡಿದ್ದಳು. ಅಲ್ಲೇ ಕೂತು ನಾನೂ ಅವರೆಕಾಳು ಹಿಸುಕಿದೆ. ನಾನು ಹಿಸುಕಿದ್ದರಲ್ಲಿ ಅರ್ಧ ಸಿಪ್ಪೆಯೇ ಉಳಿದಿದೆಯೆಂದು ಅಮ್ಮ ಎಲ್ಲವನ್ನೂ ಮತ್ತೆ ಆರಿಸಿದಳು.

ಪರೀಕ್ಷೆಯ ಭಾನುವಾರ ನಾವು ಹೊರಡುವಾಗ ಅಮ್ಮ ಒಗೆದ ಸೀರೆ ಉಟ್ಟು ಸ್ಕೂಟರಿನ ಹತ್ತಿರ ನಿಂತಿದ್ದಳು. ತಾನೂ ಬರುತ್ತೇನೆ ಎಂದಷ್ಟೇ ಹೇಳಿದಳು. ಮಗಳನ್ನು ಮುಂದೆ ನಿಲ್ಲಿಸಿಕೊಂಡು ಅಮ್ಮನನ್ನು ಹಿಂದೆ ಕೂರಿಸಿಕೊಂಡೆ. ಹಾಲ್‌ನಲ್ಲಿ ನಾನು ಹಿಂದೆ ಕೂರುತ್ತಿದ್ದ ಗೋಡೆ ಪಕ್ಕದ ಜಾಗದಲ್ಲೇ ಅವಳಿಗೆ ಕುರ್ಚಿ ಹಾಕಿದರು. ಕೋಲಾರದಿಂದ ಪರೀಕ್ಷಕರಾಗಿ ಒಬ್ಬ ಹಿರಿಯ ಮಾಸ್ಟರು ಬಂದಿದ್ದರು. ಅವರ ಕಪ್ಪು ಬೆಲ್ಟು ಹಳತಾಗಿ, ಅಂಚಿನಲ್ಲಿ ಕಪ್ಪೆಲ್ಲ ಸವೆದು ಒಳಗಿನ ಬಿಳಿ ದಾರ ಕಾಣುತ್ತಿತ್ತು. ಅವರು ನಗುವ ಜಾತಿಯವರಲ್ಲ.

ನನ್ನದು ಮೊದಲು ಮುಗಿಯಿತು. ಈ ಸಲ ಎದುರಿಗಿದ್ದವನು ದಪ್ಪ ಹುಡುಗ. ಅವನ ಮುಷ್ಟಿ ಬಂದಾಗ ಅದನ್ನು ನೋಡದೆ ಅವನ ಕಣ್ಣನ್ನೇ ನೋಡುತ್ತಿರಬೇಕು ಎಂದು ಮಾಸ್ಟರು ಹೇಳಿಕೊಟ್ಟಿದ್ದರು. ನೋಡಿದೆ. ಅವನೇ ಕಣ್ಣು ಮುಚ್ಚಿದ್ದ. ಪರೀಕ್ಷಕರು ನನ್ನ ಹೊಟ್ಟೆಯನ್ನು ಒಮ್ಮೆ ನೋಡಿ ಏನೋ ಬರೆದುಕೊಂಡು ತಲೆಯಾಡಿಸಿದರು. ಪಾಸಾಗಿದ್ದೆ. ಅಂದರೆ ಮಗಳ ಲೆಕ್ಕದಲ್ಲಿ ಅರ್ಧ ಕೆಲಸ ಆಗಿತ್ತು. ಇನ್ನು ಅವಳು ಫೇಲಾಗುವುದೊಂದೇ ಬಾಕಿ.

ಅವಳನ್ನು ಕರೆದರು. ನಡುವೆ ಬಂದು ನಿಂತಳು. ಬಟ್ಟೆಯ ತೋಳು ಉದ್ದವಾಗಿ ಬೆರಳ ತುದಿ ಮಾತ್ರ ಕಾಣುತ್ತಿತ್ತು. ಶುರುಮಾಡಿದಳು. ತಡೆ, ಹೊಡೆತ, ತಿರುಗು. ಬಟ್ಟೆ ಗಾಳಿಗೆ ಸಿಕ್ಕಿ ಪಟಪಟ ಸದ್ದು ಮಾಡುವಷ್ಟು ಚುರುಕು. ಮುಂದಕ್ಕೆ ಒಂದು, ಎರಡು, ಮೂರು. ಕೂಗು ಹಾಕಿದಳು. ಅಲ್ಲಿಗೆ ನಿಂತಳು. ಮಾಸ್ಟರು ನೆಲ ನೋಡುತ್ತಿದ್ದರು. ಅವಳ ಬಲ ಹಿಮ್ಮಡಿ ನಿಧಾನವಾಗಿ ಮೇಲೆದ್ದಿತು.

“ಎಡಗಾಲು ಕಣೇ.”

ಇಡೀ ಹಾಲ್ ಗೋಡೆಯ ಕಡೆ ತಿರುಗಿತು. ಅಮ್ಮ ಕುರ್ಚಿಯ ತುದಿಗೆ ಬಂದು ಕೂತಿದ್ದಳು. ದಿನವೂ ಬೆಳಿಗ್ಗೆ ಸೊಪ್ಪು ಬಿಡಿಸುತ್ತಾ, ಕೋಳಿ ಅಟ್ಟುತ್ತಾ, ಆ ಕಟಾವನ್ನು ನಮ್ಮೆಲ್ಲರಿಗಿಂತ ಹೆಚ್ಚು ಸಲ ನೋಡಿದವಳು ಅವಳೇ. ಮಗಳು ಹಿಮ್ಮಡಿ ಎತ್ತಿಕೊಂಡೇ ಅಜ್ಜಿಯನ್ನು ನೋಡಿದಳು.

“ಅಂಗಳದಲ್ಲಿ ಸರಿಯಾಗೇ ಮಾಡ್ತೀಯಲ್ಲ. ಎಡಗಾಲು. ತಿರುಗು,” ಎಂದಳು ಅಮ್ಮ.

ಮಗಳು ಬಲ ಹಿಮ್ಮಡಿ ಊರಿದಳು. ಎಡಗಾಲು ಹಿಂದಿನಿಂದ ಸುತ್ತಿ ಬಂತು, ಮೈ ಪೂರ್ತಿ ತಿರುಗಿತು. ಅಲ್ಲಿಂದ ಕೊನೆಯವರೆಗೂ ಅವಳು ಎಲ್ಲಿಯೂ ನಿಲ್ಲಲಿಲ್ಲ. ಹೊರಗಿನವರು ಹೇಳಿಕೊಡುವಂತಿಲ್ಲವಲ್ಲ ಎಂದು ಪರೀಕ್ಷಕರು ಹುಬ್ಬು ಗಂಟಿಕ್ಕಿದರು. ಮಾಸ್ಟರು ಕೈ ಕಟ್ಟಿಕೊಂಡು, ಅವರು ಹೊರಗಿನವರಲ್ಲ ಸಾರ್, ಬೇಕಿದ್ದರೆ ಇನ್ನೊಂದು ಸಲ ಮಾಡಿಸಿ ನೋಡಿ ಎಂದರು. ಮಾಡಿಸಿದರು. ಎರಡನೇ ಸಲ ಯಾರೂ ಏನೂ ಹೇಳಲಿಲ್ಲ, ಎಡಗಾಲು ತಾನಾಗಿ ಬಂತು.

ಫಲಿತಾಂಶ ಓದಿ, ಬೆಲ್ಟು ಕಟ್ಟಿ, ಹೊಸ ಬಣ್ಣದ ಪ್ರಕಾರ ಸಾಲು ನಿಲ್ಲಿಸಿದರು. ಕೊನೆಯಲ್ಲಿ ಜೋಡಿಯಾಗಿ ವಂದಿಸಿ ಮುಗಿಸುವುದು ಪದ್ಧತಿ. ಅಪ್ಪ ಮಗಳನ್ನೇ ಜೋಡಿ ಮಾಡಿದರು. ನಾನು ಹಳದಿ, ಅವಳು ಕಿತ್ತಳೆ. ಎದುರುಬದುರು ನಿಂತೆವು. ಮಗಳು ಕದಲದೆ ಅಜ್ಜಿಯ ಕಡೆ ನೋಡುತ್ತಿದ್ದಳು. ನಾನೂ ನೋಡಿದೆ. ಅಮ್ಮ ಎರಡೂ ಕೈಯಲ್ಲಿ ಕುರ್ಚಿಯ ತೋಳು ಹಿಡಿದುಕೊಂಡಿದ್ದಳು, ತುಟಿ ಏನನ್ನೋ ಜಪಿಸುತ್ತಿತ್ತು. ನನಗೆ ಗದ್ದ ಎತ್ತಿ ಸನ್ನೆ ಮಾಡಿದಳು, ಬಗ್ಗು ಎಂದು.

ನಾನು ಸೊಂಟದವರೆಗೆ ಬಾಗಿದೆ. ಅಮ್ಮ ಕಣ್ಣು ಮುಚ್ಚಲಿಲ್ಲ, ಎದ್ದೂ ಬರಲಿಲ್ಲ.